ಕೆಂಪು ಮಣ್ಣಿಗೆಲ್ಲ ಸುಣ್ಣ ಬೇಕಾ? ಹವಾಯಿ ನೋಡಿ ಬಂದ ಮೇಲೆ ಹುಟ್ಟಿದ ಪ್ರಶ್ನೆ

ಚಳ್ಳಕೆರೆ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ರಿಟೈರ್ಡ್ ಮೇಷ್ಟ್ರು. ಚಳ್ಳಕೆರೆ ಹತ್ತಿರ ನಾಲ್ಕೂವರೆ ಎಕರೆ ಕೆಂಪು ಹೊಲ ಇದೆ, ಶೇಂಗಾ ಹಾಕುತ್ತೇನೆ. ಮಗಳು ಅಳಿಯ ಹವಾಯಿಯ ಕವಾಯಿ ದ್ವೀಪದಲ್ಲಿದ್ದಾರೆ. ಈ ಸಲ ಎರಡು ತಿಂಗಳು ಅಲ್ಲಿದ್ದು ಬಂದೆವು.

ಸಮುದ್ರ, ಜಲಪಾತ ಎಲ್ಲ ಇರಲಿ. ನನ್ನ ಕಣ್ಣು ಹೋಗಿದ್ದು ಮಣ್ಣಿನ ಮೇಲೆ. ಗುಡ್ಡದ ಇಳಿಜಾರಿನಲ್ಲಿ ರಸ್ತೆಗೆ ಕೊರೆದ ಕಡೆಯೆಲ್ಲ ಕುಂಕುಮ ಚೆಲ್ಲಿದ ಹಾಗೆ ಕೆಂಪು. "ಇದು ನಮ್ಮ ಹೊಲಾನೇ ಕಣ್ರೀ, ಮಳೆ ಒಂದು ಜಾಸ್ತಿ" ಅಂದಳು ನನ್ನ ಹೆಂಡತಿ. ಅಂಟಿದ ಕಲೆ ಪಂಚೆಯಿಂದ ಇವತ್ತಿಗೂ ಹೋಗಿಲ್ಲ. ಅಲ್ಲಿನವರು ಅದೇ ಮಣ್ಣಲ್ಲಿ ಬಟ್ಟೆ ಅದ್ದಿ ಟೀ ಶರ್ಟ್ ಮಾರುತ್ತಾರೆ, ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ!

ವಿಷಯಕ್ಕೆ ಬರುತ್ತೇನೆ. ಮಗಳ ಹಿತ್ತಲಲ್ಲಿ ಏನು ಹಾಕಿದರೂ ಏಳುತ್ತಿರಲಿಲ್ಲವಂತೆ. ಮಣ್ಣು ಟೆಸ್ಟ್ ಮಾಡಿಸಿದರು. ಪಿಎಚ್ 4.7 ಬಂತು, ಅಂದರೆ ಹುಳಿ ಮಣ್ಣು (7 ಅಂದರೆ ಸಮ, ಇಳಿದರೆ ಹುಳಿ, ಏರಿದರೆ ಕ್ಷಾರ). ಸುಣ್ಣ ಹಾಕಿದರು, ಬೀನ್ಸ್ ಬಳ್ಳಿ ಚಪ್ಪರ ಹತ್ತಿತು. ಅದನ್ನು ಕಣ್ಣಾರೆ ನೋಡಿದೆ.

ನಮ್ಮ ಹೊಲದ ಶೇಂಗಾ ಎರಡು ವರ್ಷದಿಂದ ಹಳದಿ ತಿರುಗುತ್ತಿದೆ. ಅದೇ ಕೆಂಪು ಮಣ್ಣು, ಅದೇ ರೋಗ ಇರಬೇಕು ಅಂದುಕೊಂಡೆ. ಊರಿಗೆ ಬಂದವನೇ ಆರು ಮೂಟೆ ಡಾಲಮೈಟ್ ಸುಣ್ಣ ತಂದು ಪಡಸಾಲೆಯಲ್ಲಿ ಇಟ್ಟಿದ್ದೇನೆ. ಎಕರೆಗೆ ಎಷ್ಟು ಹಾಕಲಿ?

ಇನ್ನೊಂದು ಅನುಮಾನ. ಜ್ವಾಲಾಮುಖಿ ಮಣ್ಣು ಬಹಳ ಫಲವತ್ತು ಅಂತ ಮೂವತ್ತು ವರ್ಷ ಪಾಠ ಮಾಡಿದವನು ನಾನು. ಆ ಮಣ್ಣಲ್ಲಿ ಬೀನ್ಸ್ ಏಳಲ್ಲ ಅಂದರೆ ಏನರ್ಥ?

ಬೆಣ್ಣೆದೋಸೆ ಪ್ರಿಯ

ಮೇಷ್ಟ್ರೇ, ಹವಾಯಿಗೆ ಹೋಗಿ ಮಣ್ಣು ನೋಡಿ ಬಂದವರು ದಾವಣಗೆರೆ ದುರ್ಗ ಎರಡೂ ಜಿಲ್ಲೆಗೆ ನೀವೊಬ್ಬರೇ ಇರಬೇಕು.

ಹಿರಿಯೂರು ದಾಳಿಂಬೆ

ಸಾರ್, ಮೂಟೆ ಬಿಚ್ಚಬೇಡಿ. ದಯವಿಟ್ಟು.

ಮೂರು ವರ್ಷದ ಹಿಂದೆ ನನಗೂ ಇದೇ ಆಯಿತು. ಗಿಡ ಸ್ವಲ್ಪ ಬಿಳಿಚಿಕೊಂಡಿತ್ತು. ಒಂದು ಗೊಬ್ಬರದ ಅಂಗಡಿಯವನು "ಕೆಂಪು ಭೂಮಿ ಅಂದ್ರೆ ಹುಳಿ ಇದ್ದೇ ಇರುತ್ತೆ, ಸುಣ್ಣ ಹೊಡೀರಿ" ಅಂದ. ಟೆಸ್ಟ್ ಗಿಸ್ಟ್ ಏನೂ ಇಲ್ಲ. ಗಿಡಕ್ಕೆ ಎರಡೆರಡು ಕೇಜಿ ಹಾಕಿದೆ. ಎರಡು ತಿಂಗಳಲ್ಲಿ ಹೊಸ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಆಮೇಲೆ ಟೆಸ್ಟ್ ಮಾಡಿಸಿದರೆ ಪಿಎಚ್ 8.3! ಹಾಕೋದಕ್ಕೆ ಮುಂಚೆಯೇ ಸುಣ್ಣ ಬೇಕಾದಷ್ಟಿತ್ತು. ಆ ಸಲದ ಫಸಲು ಕೇಳಬೇಡಿ.

ಲ್ಯಾಬ್ ಅಕ್ಕ, ದಾವಣಗೆರೆ

ಮೇಷ್ಟ್ರೇ, ನಾನು ಮಣ್ಣು ಪರೀಕ್ಷೆ ಕೆಲಸದಲ್ಲಿರುವವಳು. ಹಿರಿಯೂರಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಟೆಸ್ಟ್, ಆಮೇಲೆ ಮೂಟೆ.

ಬಣ್ಣ ನೋಡಿ ಹುಳಿ ಹೇಳೋಕಾಗಲ್ಲ. ಕೆಂಪು ಬರೋದು ಕಬ್ಬಿಣದ ತುಕ್ಕಿನಿಂದ. ಸ್ವಲ್ಪ ತುಕ್ಕಿದ್ದರೂ ಮಣ್ಣು ಕೆಂಪಗಾಗುತ್ತದೆ. ಕವಾಯಿ ಮಣ್ಣೂ ಕೆಂಪು, ನಿಮ್ಮದೂ ಕೆಂಪು. ಕುಂಕುಮಾನೂ ಕೆಂಪು, ಖಾರದ ಪುಡೀನೂ ಕೆಂಪು, ಅಲ್ವಾ?

ಹುಳಿ ಬರೋದು ಮಳೆಯಿಂದ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡೇ ಬೀಳುತ್ತದೆ. ಹಾಗಾಗಿ ಶುದ್ಧ ಮಳೆನೀರಿನ ಪಿಎಚ್ಚೇ 5.6ರ ಹತ್ತಿರ. ಕೊಳೆತ ಎಲೆ, ಬೇರು ಬಿಡೋ ಆಮ್ಲ ಅದಕ್ಕೆ ಸೇರುತ್ತದೆ. ಈ ನೀರು ಕಲ್ಲನ್ನು ತಿನ್ನುತ್ತಾ ಕೆಳಗೆ ಇಳಿಯುತ್ತದೆ.

ಮಣ್ಣಿನ ಜೇಡಿ ಕಣವನ್ನು ಒಂದು ಕೊಟ್ಟಿಗೆ ಅಂದುಕೊಳ್ಳಿ. ಅದರಲ್ಲಿ ಗೂಟಗಳಿವೆ. ಒಳ್ಳೆ ಮಣ್ಣಲ್ಲಿ ಆ ಗೂಟಗಳಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಕಟ್ಟಿರುತ್ತವೆ. ಗಿಡ ಬಂದು ಬಿಚ್ಚಿಕೊಂಡು ಹೋಗುತ್ತದೆ. ಲಕ್ಷಾಂತರ ವರ್ಷ ಜಡಿಮಳೆ ಸುರಿದರೆ ದನ ಎಲ್ಲ ಕೊಚ್ಚಿ ಹೋಗುತ್ತವೆ. ಆಮೇಲೆ ಸಿಲಿಕಾನೂ ಕರಗಿ ಹೋಗುತ್ತದೆ. ಕರಗದೆ ಉಳಿಯೋದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡು, ಜೊತೆಗೆ ಗೂಟ ಕಡಿಮೆ ಇರೋ ಕೆಯೊಲಿನ್ ಜೇಡಿ. ಖಾಲಿ ಗೂಟಕ್ಕೆ ಅಲ್ಯೂಮಿನಿಯಂ ಬಂದು ಕೂರುತ್ತದೆ. ಪಿಎಚ್ 5.5ಕ್ಕಿಂತ ಇಳಿದರೆ ಅದು ಮಣ್ಣಿನ ನೀರಿಗೆ ಬಿಡುಗಡೆಯಾಗೋಕೆ ಶುರು. ಬೇರಿನ ತುದಿಗೆ ಅದು ವಿಷ. ಬೇರು ಉದ್ದ ಹೋಗದೆ ದಪ್ಪಗೆ ಮೊಂಡಾಗುತ್ತದೆ. ಸುತ್ತ ನೀರಿದ್ದರೂ ಗಿಡ ಬಾಯಾರಿ ನಿಂತಿರುತ್ತದೆ.

ನಿಮ್ಮ ಮಗಳ ಹಿತ್ತಲಲ್ಲಿ ಸುಣ್ಣ ಮಾಡಿದ್ದು ಇದಕ್ಕೆ ಮದ್ದು. ಪಿಎಚ್ ಏರಿತು, ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ಕೂತಿತು, ಬೇರು ಓಡಿತು. ಚಳ್ಳಕೆರೆಯಲ್ಲಿ ಅಂಥ ಮಳೆಯೇ ಇಲ್ಲ, ಆ ರೋಗ ಇರೋದು ಅನುಮಾನ. ಜ್ವರವಿಲ್ಲದವನಿಗೆ ಜ್ವರದ ಮಾತ್ರೆ ಯಾಕೆ?

ಜಗಳೂರು ಗೌಡ

ಎಲ್ಲೋ ಸಮುದ್ರದ ನಡುವೆ ಇರೋ ಗುಡ್ಡದ ಕಥೆ ನಮಗ್ಯಾಕೆ ಸ್ವಾಮಿ. ಇಲ್ಲಿ ಮಳೆ ಬಂದರೆ ಸಾಕು, ಹುಳಿಯೋ ಸಿಹಿಯೋ ಬೆಳೆಯುತ್ತದೆ.

ಲ್ಯಾಬ್ ಅಕ್ಕ, ದಾವಣಗೆರೆ

ಗೌಡ್ರೇ, ಕಥೆ ಅಲ್ಲಿಯದೇ. ಆದರೆ ಸುಣ್ಣದ ಮೂಟೆ ಇಲ್ಲಿ ಬಂದು ಕೂತಿದೆಯಲ್ಲ!

ದುರ್ಗದ ಕಲ್ಲು

ಮೇಷ್ಟ್ರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಾನು ಭೂವಿಜ್ಞಾನ ಓದಿದವನು, ಸ್ವಲ್ಪ ಬರೆಯುತ್ತೇನೆ.

ಪಾಠ ತಪ್ಪಲ್ಲ ಸಾರ್, ಅರ್ಧ ಅಷ್ಟೇ. ಫಲವತ್ತಾಗಿರೋದು ಜ್ವಾಲಾಮುಖಿಯ ಹರೆಯದ ಮಣ್ಣು. ಜಾವಾದಲ್ಲಿ ಹೊಸ ಬೂದಿ ಬೀಳುತ್ತಾ ಇರುವ ಕಡೆ ಅಷ್ಟೊಂದು ಜನ ಒಂದೇ ದ್ವೀಪದಲ್ಲಿ ಉಂಡು ಬದುಕುತ್ತಿರೋದು ಅದರಿಂದಲೇ. ಹವಾಯಿ ದ್ವೀಪಗಳು ಒಂದು ಸಾಲು. ಅಡಿಯಲ್ಲಿ ಬಿಸಿ ಒಲೆ ನಿಂತಲ್ಲೇ ಇದೆ, ಮೇಲಿನ ಭೂಫಲಕ ವಾಯವ್ಯಕ್ಕೆ ಜರುಗುತ್ತಾ ಇದೆ. ಒಲೆಯ ಮೇಲಿರೋ ದೊಡ್ಡ ದ್ವೀಪದಲ್ಲಿ ಕಿಲವೇಯ ಇನ್ನೂ ಉಗುಳುತ್ತಿದೆ. ಕವಾಯಿ ಒಲೆ ಬಿಟ್ಟು ಸುಮಾರು 50 ಲಕ್ಷ ವರ್ಷವಾಯಿತು. ಮುಖ್ಯ ದ್ವೀಪಗಳಲ್ಲಿ ಅದೇ ಅಜ್ಜ. ಅದರ ನಡುವಿನ ವೈಯಲೆಯಲೆ ಬೆಟ್ಟದಲ್ಲಿ ವರ್ಷಕ್ಕೆ 9000 ಮಿಲಿಮೀಟರ್ ಮೀರಿ ಮಳೆ. ನಮ್ಮ ಆಗುಂಬೆಯೂ ಹಿಂದೆ ಬೀಳುತ್ತದೆ. ಚಳ್ಳಕೆರೆಗೆ 500 ಬಂದರೆ ಪುಣ್ಯ. ಅಂದರೆ ನಿಮ್ಮ ಹೊಲಕ್ಕೆ ಹದಿನೆಂಟು ವರ್ಷ ಬೀಳೋದು ಆ ಬೆಟ್ಟಕ್ಕೆ ಒಂದೇ ವರ್ಷ!

ಈಗ ತಮಾಷೆ ನೋಡಿ. ನಮ್ಮಲ್ಲೂ ಲಾವಾ ಇದೆ. ದುರ್ಗದಿಂದ ಹಿರಿಯೂರು ಕಡೆ ಹೋಗುವಾಗ ಮರಡಿಹಳ್ಳಿ ಸಿಗುತ್ತದಲ್ಲ, ಅಲ್ಲಿ ದಿಂಬು ಜೋಡಿಸಿದ ಹಾಗೆ ಕಲ್ಲುಗಳಿವೆ. ಲಾವಾ ಸಮುದ್ರದ ನೀರೊಳಗೆ ಉಕ್ಕಿ, ಹೊರಮೈ ಥಟ್ಟನೆ ತಣ್ಣಗಾಗಿ, ಒಂದರ ಮೇಲೊಂದು ಉರುಳಿ ಆಗಿರುವ ದಿಂಬು ಲಾವಾ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಹವಾಯಿಯ ಲಾವಾ ಸಮುದ್ರದೊಳಗೆ ಇಳಿದಾಗ ಇವತ್ತಿಗೂ ಇದೇ ಆಕಾರ ತಾಳುತ್ತದೆ. ಕವಾಯಿಗಿಂತ ಐನೂರು ಪಟ್ಟು ಹಳೇ ಕಲ್ಲು ನಮ್ಮದು. ಆದರೂ ಮಣ್ಣು ಅಷ್ಟು ಸವೆದಿಲ್ಲ. ಕಲ್ಲಿನ ವಯಸ್ಸು ಬೇರೆ, ಮಣ್ಣಿನ ವಯಸ್ಸು ಬೇರೆ. ನೀರಿಲ್ಲದೆ ಕಲ್ಲು ಕೊಳೆಯಲ್ಲ. ಅಷ್ಟಿಷ್ಟು ಕೊಳೆತು ಬಂದ ಸುಣ್ಣದ ಅಂಶವೂ ತೊಳೆದು ಹೋಗದೆ ಅಲ್ಲೇ ಉಳಿಯುತ್ತದೆ.

ಬೆಣ್ಣೆದೋಸೆ ಪ್ರಿಯ

ಮರಡಿಹಳ್ಳಿ ಮುಂದೆ ನೂರು ಸಲ ಹೋಗಿದ್ದೇನೆ. ಆ ಕಲ್ಲು ಸಮುದ್ರದ ಅಡಿಯದ್ದು ಅಂತ ಇವತ್ತು ಗೊತ್ತಾಯಿತು. ಅಂದರೆ ಎರೆ ಭೂಮಿ ಎಲ್ಲ ಆ ಲಾವಾದಿಂದ ಬಂದಿದ್ದಾ? ದಖ್ಖನ್ ಟ್ರ್ಯಾಪ್ ಅಂತಾರಲ್ಲ, ಅದೇನಾ ಇದು?

ದುರ್ಗದ ಕಲ್ಲು

ಅಲ್ಲ. ದಖ್ಖನ್ ಟ್ರ್ಯಾಪ್ ತೀರಾ ಹೊಸದು, 6.6 ಕೋಟಿ ವರ್ಷದ ಆಸುಪಾಸು. ಅದು ವಿಜಯಪುರ, ಬೆಳಗಾವಿ, ಕಲಬುರಗಿ ಕಡೆ. ನಮ್ಮ ಜಿಲ್ಲೆವರೆಗೆ ಬಂದಿಲ್ಲ. ಮೇಷ್ಟ್ರ ಚಳ್ಳಕೆರೆ ಕಡೆ ಬಹುಪಾಲು ಗ್ರಾನೈಟ್ ಜಾತಿಯ ಕಲ್ಲಿನಿಂದ ಆದ ಕೆಂಪು ಮಸಾರಿ ಮಣ್ಣು.

ಆದರೆ ಕೇಳಿದ್ದು ಒಳ್ಳೆಯದಾಯಿತು. ಒಂದೇ ದಖ್ಖನ್ ಲಾವಾ ನೋಡಿ. ವಿಜಯಪುರದ ಒಣ ಬಯಲಲ್ಲಿ ಅದು ಎರೆ ಭೂಮಿ, ಸುಣ್ಣದ ಹರಳು ತುಂಬಿರುತ್ತೆ. ಅದೇ ಲಾವಾ ಮಹಾಬಲೇಶ್ವರದ ಮಳೆಯಲ್ಲಿ ನೆಂದು ನೆಂದು ತಲೆ ಮೇಲೆ ಜಂಬಿಟ್ಟಿಗೆ ಕಟ್ಟಿಕೊಂಡಿದೆ. ಒಂದೇ ಹಿಟ್ಟು, ಒಂದು ಕಡೆ ರೊಟ್ಟಿ ಒಂದು ಕಡೆ ಅಂಬಲಿ.

ಜಂಬಿಟ್ಟಿಗೆಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಮೈಸೂರು, ಕೆನರಾ, ಮಲಬಾರು ಸುತ್ತಿ ನೋಡಿದವನು. ಮಲಬಾರಿನ ಅಂಗಡಿಪುರಂನಲ್ಲಿ ಜನ ಮಣ್ಣನ್ನೇ ಇಟ್ಟಿಗೆ ಹಾಗೆ ಕೊಯ್ದು ಮನೆ ಕಟ್ಟೋದು ಕಂಡ. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ ಲೇಟರ್. ಅದರಿಂದ ಲ್ಯಾಟರೈಟ್. ಪುಸ್ತಕ ಅಚ್ಚಾಗಿದ್ದು 1807ರಲ್ಲಿ. ಉಷ್ಣವಲಯದ ಸವೆದ ಮಣ್ಣಿಗೆ ಜಗತ್ತು ಬಳಸಿದ ಹೆಸರು ಹುಟ್ಟಿದ್ದು ನಮ್ಮ ಪಕ್ಕದಲ್ಲೇ.

ಮೇಷ್ಟ್ರ ಮಗಳು

ಅಪ್ಪ ಲಿಂಕ್ ಕಳಿಸಿದರು, ಅದಕ್ಕೆ ಬಂದೆ. ಅಪ್ಪಾ, ಆರು ಮೂಟೆ ತಂದಿದ್ದು ನನಗೆ ಹೇಳಲೇ ಇಲ್ಲ!

ಕೆಲವು ಸೇರಿಸುತ್ತೇನೆ. ಇಡೀ ಕವಾಯಿ ಒಂದೇ ತರ ಇಲ್ಲ. ಬೆಟ್ಟ ಮೋಡ ತಡೆದು ಪೂರ್ವಕ್ಕೆ ಸುರಿಯುತ್ತದೆ. ಪಶ್ಚಿಮದ ಕೆಕಹ ಕಡೆ ಹೋದರೆ ಮಳೆ ಚಳ್ಳಕೆರೆಯಷ್ಟೇ. ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಚಳ್ಳಕೆರೆಗೆ ಬಂದ ಹಾಗೆ.

ನಮ್ಮ ಹಿತ್ತಲಿನ ಮಣ್ಣಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿ ಇದೆ ಅಂತ ರಿಪೋರ್ಟ್ ಬಂತು. ನಾನು ನಂಬಲಿಲ್ಲ. ಜೇಡಿ ಅಂದರೆ ನನಗೆ ಗೊತ್ತಿರೋದು ಅಜ್ಜಿ ಊರಿನ ಎರೆ ಹೊಲ. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಇಲ್ಲಿ ಹಾಗಿಲ್ಲ. ಉಪ್ಪಿಟ್ಟಿನ ರವೆ ತರ ಉದುರು ಉದುರು. ಎಷ್ಟೇ ನೀರು ಬಿದ್ದರೂ ಸರಾಗ ಇಳಿದುಹೋಗುತ್ತದೆ. ಕಬ್ಬಿಣದ ಆಕ್ಸೈಡು ಜೇಡಿ ಕಣಗಳನ್ನು ಸಣ್ಣ ಸಣ್ಣ ಹರಳಾಗಿ ಅಂಟಿಸಿಬಿಡುತ್ತದಂತೆ. ಉಳೋಕೆ ಇಷ್ಟು ಹಿತವಾದ ಮಣ್ಣು ನಾನು ನೋಡಿಲ್ಲ. ಆದರೆ ಹೊಟ್ಟೆಯಲ್ಲಿ ಏನೂ ಇಲ್ಲ.

ಸುಣ್ಣದ ಜೊತೆ ರಂಜಕವನ್ನೂ ಹಾಕಬೇಕಾಯಿತು. ಅದನ್ನು ಅಪ್ಪ ಬರೆದಿಲ್ಲ. ಮೊದಲ ಸಲ ಹಾಕಿದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ, ಬೆಳೆಗೆ ತಲುಪಲಿಲ್ಲ.

ಅಗ್ರಿ ಹುಡುಗ

ಅಕ್ಕಾ, ಅದು ಎಲ್ಲೂ ಹೋಗಿರಲ್ಲ, ಅಲ್ಲೇ ಇರುತ್ತೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡು ರಂಜಕವನ್ನು ಗಬಕ್ ಅಂತ ಹಿಡಿದುಕೊಂಡುಬಿಡುತ್ತವೆ. ಅದಕ್ಕೇ ಆ ಕಡೆ ಇಡೀ ಹೊಲಕ್ಕೆ ಎರಚದೆ ಬುಡದ ಹತ್ತಿರ ಸಾಲಾಗಿ ಹಾಕುತ್ತಾರೆ. ಇಲ್ಲಿ ಉಲ್ಟಾ. ನಮ್ಮ ಎರೆಯಲ್ಲಿ ರಂಜಕ ಹಿಡಿಯೋದು ಕ್ಯಾಲ್ಸಿಯಂ. ಕಳ್ಳ ಬೇರೆ, ಕಳುವಾಗಿದ್ದು ಒಂದೇ.

ಹವಾಯಿಯ ಒಂದು ಅಧ್ಯಯನ ಕ್ಲಾಸಿನಲ್ಲಿ ಕೇಳಿದಾಗಿನಿಂದ ನನ್ನ ತಲೆಯಲ್ಲಿ ಕೂತಿದೆ. ಪೀಟರ್ ವಿಟೌಸೆಕ್, ಆಲಿವರ್ ಚಾಡ್ವಿಕ್ ಮತ್ತು ಸಂಗಡಿಗರು ಮಾಡಿದ್ದು. 300 ವರ್ಷದ ಲಾವಾದಿಂದ ಹಿಡಿದು ಕವಾಯಿಯ 41 ಲಕ್ಷ ವರ್ಷದ ಮಣ್ಣಿನವರೆಗೆ ಜಾಗಗಳನ್ನು ಸಾಲಾಗಿ ಆರಿಸಿದರು. ಎಲ್ಲ ಕಡೆ ಮಳೆ ಹೆಚ್ಚು ಕಮ್ಮಿ ಒಂದೇ, ಎತ್ತರ ಒಂದೇ, ಮರವೂ ಒಂದೇ, ಓಹಿಯಾ. ಬದಲಾಗಿದ್ದು ವಯಸ್ಸು ಮಾತ್ರ. ಹೊಸ ಲಾವಾದ ಮರಕ್ಕೆ ಸಾರಜನಕ ಕೊಟ್ಟರೆ ಬೆಳೆಯಿತು, ರಂಜಕ ಬೇಕಾಗಲಿಲ್ಲ. ಕವಾಯಿಯ ಮರಕ್ಕೆ ರಂಜಕ ಕೊಟ್ಟರೆ ಮಾತ್ರ ಬೆಳೆಯಿತು. ಸಾರಜನಕ ಗಾಳಿಯಿಂದ ಬಂದು ನಿಧಾನ ಕೂಡುತ್ತದೆ. ರಂಜಕ ಕಲ್ಲಿನಿಂದಲೇ ಬರಬೇಕು. ಕಲ್ಲು ಮುಗಿದರೆ ಅದೂ ಮುಗಿಯಿತು.

ಹಾಗಾದರೆ 41 ಲಕ್ಷ ವರ್ಷದ ಮೇಲೂ ಕಾಡು ಹೇಗೆ ನಿಂತಿದೆ? ಧೂಳು! ಮಧ್ಯ ಏಷ್ಯಾದ ಮರುಭೂಮಿಯಿಂದ 6000 ಕಿಲೋಮೀಟರಿಗೂ ದೂರ ಸಮುದ್ರ ದಾಟಿ ಬರುವ ಧೂಳಿನಲ್ಲಿ ರಂಜಕ ಇದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಮುದ್ರದ ತುಂತುರಿನಿಂದ. 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ನಮ್ಮಮ್ಮ ದಿನಾ ಗುಡಿಸಿ ಬಯ್ಯೋ ಧೂಳು, ಅಲ್ಲಿ ಕಾಡಿಗೆ ಊಟ.

ಜಗಳೂರು ಗೌಡ

ಈ ಧೂಳಿನ ವಿಷಯ ಚೆನ್ನಾಗಿದೆ. ಹಾಗಿದ್ದರೆ ನನ್ನದೂ ಒಂದು ಪ್ರಶ್ನೆ. ನಮ್ಮೂರ ಹತ್ತಿರ ಕ್ರಷರ್ ಇದೆ. ಕಲ್ಲುಪುಡಿ ಗುಡ್ಡೆ ಬಿದ್ದಿದೆ. ಹೊಲಕ್ಕೆ ಹೊಡೆಸಿದರೆ ಗೊಬ್ಬರ ಉಳಿಯುತ್ತಾ?

ಅಗ್ರಿ ಹುಡುಗ

ಗೌಡ್ರೇ, ಸುಮ್ನೆ ಕೇಳಿದ್ದಲ್ಲ ನೀವು! ಮಾರಿಷಸ್‌ನಲ್ಲಿ ನಿಜವಾಗಿ ಮಾಡಿ ನೋಡಿದ್ದಾರೆ. ಅದೂ ಜ್ವಾಲಾಮುಖಿ ದ್ವೀಪ. ಮಳೆ ಜಾಸ್ತಿ ಇರೋ ಎತ್ತರದ ಕಡೆ ಸವೆದ ಹುಳಿ ಮಣ್ಣು. ಕಬ್ಬಿನ ಗದ್ದೆಗೆ ಬಸಾಲ್ಟ್ ಪುಡಿ ಹಾಕಿದರು, ಇಳುವರಿ ಹೆಚ್ಚಿತು. ಮುದಿ ಮಣ್ಣಿಗೆ ಎಳೇ ಕಲ್ಲು ಹಾಕಿದ ಹಾಗೆ. ಆದರೆ ಹಾಕಿದ್ದು ಎಕರೆಗೆ ಹತ್ತಾರು ಟನ್ನು. ಇಷ್ಟಾಗಿ ಅಲ್ಲಿ ಕಲ್ಲು ಕರಗೋಕೆ ಮಳೆ ಇದೆ, ಹುಳಿ ಇದೆ. ಜಗಳೂರಿನಲ್ಲಿ ಹಾಕಿದರೆ ನಿಮ್ಮ ಮೊಮ್ಮಗನ ಕಾಲಕ್ಕೂ ಕಲ್ಲು ಕಲ್ಲಾಗೇ ಇರುತ್ತದೆ. ಲಾರಿ ಬಾಡಿಗೆ ದಂಡ.

ಜಗಳೂರು ಗೌಡ

ಹಂಗಾದ್ರೆ ಬಿಡು. ಕ್ರಷರಿನವನು ಫ್ರೀ ಕೊಡ್ತೀನಿ ಅಂದಾಗಲೇ ಅನುಮಾನ ಬಂದಿತ್ತು.

ನ್ಯಾಮತಿ ಅಡಿಕೆ

ಎಲ್ಲರೂ ಸುಣ್ಣ ಬೇಡ ಸುಣ್ಣ ಬೇಡ ಅಂತಿದ್ದೀರಿ. ನನ್ನ ತೋಟಕ್ಕೆ ಸುಣ್ಣ ಹಾಕಿಯೇ ಉದ್ಧಾರ ಆಗಿದ್ದು. ನಮ್ಮದೂ ದಾವಣಗೆರೆ ಜಿಲ್ಲೆಯೇ. ಶಿವಮೊಗ್ಗ ಕಡೆಯ ಗಡಿ, ಗುಡ್ಡದ ಇಳಿಜಾರು. ಟೆಸ್ಟ್‌ನಲ್ಲಿ ಪಿಎಚ್ 5.1. ಎಷ್ಟು ಗೊಬ್ಬರ ಸುರಿದರೂ ಸೋಗೆ ಸೊರಗಿತ್ತು. ಸುಣ್ಣ ಕೊಟ್ಟು ಎರಡನೇ ವರ್ಷಕ್ಕೆ ಹೊಸ ಬೇರು ಬಂತು. ಜಿಲ್ಲೆ ಒಂದೇ ಅಂತ ಔಷಧಿ ಒಂದೇ ಅಲ್ಲ.

ಒಂದು ಪ್ರಶ್ನೆ ಲ್ಯಾಬ್ ಅಕ್ಕನಿಗೆ. 7ರವರೆಗೆ ಏರಿಸಬೇಕು ಅಂತ ಒಬ್ಬರು ಹೇಳಿದರು. ನನ್ನದು ಈಗ 5.8. ಇನ್ನೂ ಹಾಕಲಾ?

ಲ್ಯಾಬ್ ಅಕ್ಕ, ದಾವಣಗೆರೆ

ಬೇಡ ಅಣ್ಣ. ಸವೆದ ಹುಳಿ ಮಣ್ಣಲ್ಲಿ 7 ಮುಟ್ಟಬೇಕಿಲ್ಲ. ಅಲ್ಯೂಮಿನಿಯಂ ಅಡಗಿದರೆ ಸಾಕು, ಅದಕ್ಕೆ 5.5ರಿಂದ 6 ಸಾಲುತ್ತದೆ. ಮೇಲೆ ಹೋದರೆ ಸತು, ಕಬ್ಬಿಣ ಸಿಗದೆ ಬೇರೆ ತಲೆನೋವು.

ಮಲೆನಾಡಿನ ಮಣ್ಣಲ್ಲಿ ಸುಣ್ಣಕ್ಕೆ ಇನ್ನೊಂದು ಲಾಭ ಇದೆ. ಗೂಟದ ಕಥೆ ಹೇಳಿದ್ದೆನಲ್ಲ. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡಿನ ಮೇಲಿನ ಗೂಟಗಳು ಖಾಯಂ ಅಲ್ಲ. ಹುಳಿ ಜಾಸ್ತಿಯಾದರೆ ಕಡಿಮೆಯಾಗುತ್ತವೆ, ಹುಳಿ ಇಳಿದರೆ ಹೆಚ್ಚುತ್ತವೆ. ಹಾಗಾಗಿ ಸುಣ್ಣದಿಂದ ಹೊಸ ಗೂಟವೂ ಬರುತ್ತದೆ, ಕಟ್ಟೋಕೆ ಕ್ಯಾಲ್ಸಿಯಂ ಎಂಬ ದನವೂ ಬರುತ್ತದೆ. ಸೊಪ್ಪು, ಕೊಟ್ಟಿಗೆ ಗೊಬ್ಬರವೂ ಗೂಟ ಕೊಡುತ್ತದೆ. ಅಂಥ ಮಣ್ಣಲ್ಲಿ ಮೇಲಿನ ಕಪ್ಪು ಪದರ ಕೊಚ್ಚಿಹೋದರೆ ಉಳಿಯೋದು ಬರೀ ಬಣ್ಣ.

ಸುಣ್ಣ ಹಾಕಿದಲ್ಲೇ ಕೂರುತ್ತದೆ, ಆಳಕ್ಕೆ ಇಳಿಯಲ್ಲ. ಆಳದ ಬೇರಿಗೆ ಕ್ಯಾಲ್ಸಿಯಂ ಇಳಿಸಬೇಕಾದರೆ ಜಿಪ್ಸಮ್ ಬಳಸುತ್ತಾರೆ. ಅದೇ ಜಿಪ್ಸಮ್ ಅನ್ನು ನಾವು ಇಲ್ಲಿ ಚೌಳು ಭೂಮಿಗೆ ಹಾಕುತ್ತೇವೆ. ಶೇಂಗಾ ಕಾಯಿ ಕಟ್ಟೋಕೂ ಕೊಡುತ್ತೇವೆ. ಮೇಷ್ಟ್ರು ಕೇಳಿಸಿಕೊಳ್ಳಿ.

ಅಗ್ರಿ ಹುಡುಗ

ನ್ಯಾಮತಿ ಅಣ್ಣ ಹೇಳಿದ್ದು ಕೇಳಿ ಹವಾಯಿಯದೇ ಇನ್ನೊಂದು ನೆನಪಾಯಿತು. ದೊಡ್ಡ ದ್ವೀಪದ ಕೊಹಾಲ ಬೆಟ್ಟದ ಮಳೆ ಕಡಿಮೆ ಇರೋ ಮಗ್ಗುಲಲ್ಲಿ ಹಳೇ ಕಾಲದ ಹವಾಯಿ ಜನ ಗೆಣಸು ಬೆಳೆಯುತ್ತಿದ್ದರು. ಬಿಳಿಯರು ಬರೋದಕ್ಕೆ ಎಷ್ಟೋ ಮುಂಚೆ. ಇಳಿಜಾರಿಗೆ ಅಡ್ಡಡ್ಡ ಕಲ್ಲು ಮಣ್ಣಿನ ಬದು, ಕಿಲೋಮೀಟರುಗಟ್ಟಲೆ. ಬೆಟ್ಟದ ಕೆಳಗೆ ಮಳೆ ಸಾಲದು. ಬೆಟ್ಟದ ಮೇಲೆ ಮಳೆ ಜಾಸ್ತಿ, ಆದರೆ ಮಣ್ಣಿನ ಸತ್ವ ತೊಳೆದುಹೋಗಿದೆ. ನಡುವೆ ಒಂದು ಪಟ್ಟಿ, ಅಲ್ಲಿ ನೀರೂ ಇದೆ ಸತ್ವವೂ ಇದೆ. ಸರಿಯಾಗಿ ಆ ಪಟ್ಟಿಯಲ್ಲೇ ಬದುಗಳಿವೆ. ಮೇಲಿನ ಗಡಿ ದಾಟಿ ಹೋದರೆ ಕ್ಯಾಲ್ಸಿಯಂ ಕುಸಿದಿರೋದು ಈಗ ಮಣ್ಣು ಪರೀಕ್ಷೆಯಲ್ಲಿ ಕಾಣುತ್ತದೆ. ಅವರ ಹತ್ತಿರ ಪಿಎಚ್ ಮೀಟರ್ ಇರಲಿಲ್ಲ, ಗೆಣಸು ಇತ್ತು.

ನಮ್ಮ ಜಿಲ್ಲೆಯಲ್ಲೂ ಜಗಳೂರಿಂದ ನ್ಯಾಮತಿಗೆ ಬಸ್ಸಿನಲ್ಲಿ ಹೋಗ್ತಾ ಕಿಟಕಿಯಿಂದ ನೋಡಿ. ಜೋಳ, ಶೇಂಗಾ, ಮೆಕ್ಕೆಜೋಳ, ಭದ್ರಾ ಚಾನಲ್ಲಿನ ಭತ್ತ, ಆಮೇಲೆ ಅಡಿಕೆ. ಚಾನಲ್ ಬಿಟ್ಟರೆ ಮಿಕ್ಕಿದ್ದನ್ನೆಲ್ಲ ಗೆರೆ ಎಳೆದಿದ್ದು ಮಳೆಯೇ.

ಹಿರಿಯೂರು ದಾಳಿಂಬೆ

ಇಳಿಜಾರು ಅಂದಿರಿ. ಅಷ್ಟು ಮಳೆ, ಅಷ್ಟು ಆಳದ ಮಣ್ಣು, ಗುಡ್ಡ ಕುಸಿಯಲ್ವಾ? ಇಲ್ಲಿ ಕೊಡಗು, ಶಿರಾಡಿ ಘಾಟ್ ನೋಡಿದ್ದೇವಲ್ಲ.

ದುರ್ಗದ ಕಲ್ಲು

ಕುಸಿಯುತ್ತದೆ, ಕೇಳಬೇಡಿ. ಇಂಥ ಕಡೆ ಕಲ್ಲು ನಿಂತಲ್ಲೇ ಕೊಳೆತಿರುತ್ತದೆ. ನೋಡೋಕೆ ಕಲ್ಲಿನದೇ ರೇಖೆ, ಬಿರುಕು ಎಲ್ಲ ಇರುತ್ತೆ, ಚಾಕು ಹಾಕಿದರೆ ಬೆಣ್ಣೆ. ಅದು ಎಷ್ಟೋ ಮೀಟರ್ ಆಳ ಇರುತ್ತದೆ. ಕೆಳಗಿನ ಗಟ್ಟಿ ಕಲ್ಲಿನ ಮೇಲೆ ನೀರು ನಿಂತರೆ ಮೇಲಿನದು ಜಾರುತ್ತದೆ.

ಕೆರಿಬಿಯನ್ನಿನ ಪೋರ್ಟೊರಿಕೊ ದ್ವೀಪದ ನಡು ಬೆಟ್ಟಗಳು ಹಳೇ ಜ್ವಾಲಾಮುಖಿ ಕಲ್ಲಿನವು. ಈಗ ಅಲ್ಲಿ ಉಗುಳೋ ಜ್ವಾಲಾಮುಖಿ ಯಾವುದೂ ಇಲ್ಲ. ಕಲ್ಲು ಕೊಳೆತು ಹುಳಿ ಕೆಂಪು ಜೇಡಿಯಾಗಿದೆ. ಆ ಇಳಿಜಾರಿನಲ್ಲೇ ಕಾಫಿ, ಬಾಳೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಬಂತು. ಆಮೇಲೆ ಎಣಿಸಿದರೆ 70 ಸಾವಿರಕ್ಕೂ ಹೆಚ್ಚು ಕಡೆ ಭೂಕುಸಿತ. ಸಾವಿರ ಅಲ್ಲ, ಎಪ್ಪತ್ತು ಸಾವಿರ. ನಮ್ಮ ದುರ್ಗದ ಬೆಟ್ಟದಲ್ಲಿ ಕುಸಿಯೋಕೆ ಮಣ್ಣೇ ಇಲ್ಲ, ಬಂಡೆ. ಅದಕ್ಕೇ ಕೋಟೆ ನಿಂತಿದೆ.

ಬೆಣ್ಣೆದೋಸೆ ಪ್ರಿಯ

ಅಲ್ಲಿ ಸುಣ್ಣ ಹಾಕದೆ ಏನೂ ಬೆಳೆಯಲ್ವಾ? ಅನಾನಸ್ ಹವಾಯಿಯದು ಅಂತಾರಲ್ಲ.

ಮೇಷ್ಟ್ರ ಮಗಳು

ಅನಾನಸ್‌ಗೆ ಹುಳಿ ಮಣ್ಣು ಇಷ್ಟ. ಚಹಾಕ್ಕೂ ಅಷ್ಟೇ. ಇಲ್ಲಿನವರ ಅನ್ನ ಅಂದರೆ ಕೆಸುವಿನ ಗಡ್ಡೆ, ಕಲೋ ಅಂತಾರೆ. ಅದನ್ನು ಕಣಿವೆಯಲ್ಲಿ ನೀರು ನಿಲ್ಲಿಸಿ ಗದ್ದೆ ಮಾಡಿ ಬೆಳೆಯುತ್ತಾರೆ, ಭತ್ತದ ಹಾಗೆ. ನೀರು ನಿಂತ ಮಣ್ಣಲ್ಲಿ ಹುಳಿ ತಾನೇ ಇಳಿಯುತ್ತದೆ.

ಅನಾನಸ್ಸಿಗೂ ಒಂದು ಕಷ್ಟ ಬಂದಿತ್ತು. ಓಹು ದ್ವೀಪದ ಕೆಲವು ಕೆಂಪು ಮಣ್ಣಲ್ಲಿ ಮ್ಯಾಂಗನೀಸ್ ಬಹಳ. ಅಲ್ಲಿ ಗಿಡ ಹಳದಿಯಾಗುತ್ತಿತ್ತು. ಮಣ್ಣಲ್ಲಿ ಕಬ್ಬಿಣ ರಾಶಿ ರಾಶಿ ಇದೆ, ಆದರೆ ಗಿಡಕ್ಕೆ ಸಿಗಲ್ಲ. 1916ರಲ್ಲಿ ಅಲ್ಲಿನ ಸಂಶೋಧನಾ ಕೇಂದ್ರದವರು ಎಲೆಗೆ ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರೆ ಹಸಿರಾಗುತ್ತೆ ಅಂತ ತೋರಿಸಿದರು. ಆಮೇಲೆ ಅದು ತೋಟಗಳಲ್ಲಿ ಮಾಮೂಲಿ ಕೆಲಸ ಆಯಿತು.

ಲ್ಯಾಬ್ ಅಕ್ಕ, ದಾವಣಗೆರೆ

ತಂಗಿ, ಒಂದು ನಿಮಿಷ. ಕಬ್ಬಿಣದ ಸಲ್ಫೇಟ್ ಅಂದರೆ ನಮ್ಮ ಅನ್ನಭೇದಿ!

ಮೇಷ್ಟ್ರೇ, ನಿಮ್ಮ ಶೇಂಗಾದಲ್ಲಿ ಹಳದಿ ಎಲ್ಲಿ ಕಾಣೋದು? ಹಳೇ ಎಲೆಯಲ್ಲಾ, ಸುಳಿಯಲ್ಲಾ? ನರ ಹಸಿರಾಗಿದೆಯಾ? ಬೋರ್ ನೀರು ಕೊಡುತ್ತೀರಾ? ಇವನ್ನು ನೋಡಿ ಹೇಳಿ. ಮಣ್ಣು ಒಂದು ಕಡೆಯದು ತರಬೇಡಿ. ಹೊಲದಲ್ಲಿ ಹತ್ತು ಹನ್ನೆರಡು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಗೇಣುದ್ದ ಗುಂಡಿ ತೆಗೆದು, ಪಕ್ಕದ ಮಣ್ಣು ಕೆರೆದು, ಬೆರೆಸಿ ಅರ್ಧ ಕೇಜಿ ತನ್ನಿ. ಗೊಬ್ಬರದ ಗುಂಡಿ ಹತ್ತಿರ, ಬದುವಿನ ಹತ್ತಿರ ಬೇಡ.

ಅಲ್ಲಿಯವರೆಗೆ ಸಮಾಧಾನಕ್ಕೆ ಒಂದು ಮಾಡಿ. ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ. ಚುರ್ ಅಂತ ನೊರೆ ಬಂದರೆ ಸುಣ್ಣ ಆಗಲೇ ಇದೆ ಅಂತ ಅರ್ಥ.

ಚಳ್ಳಕೆರೆ ಮೇಷ್ಟ್ರು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲ ಓದಿದೆ, ಎರಡೆರಡು ಸಲ.

ವಿನೆಗರ್ ಹಾಕಿದೆ. ಬೋರಿನ ಕೆಳಗಿನ ಅರ್ಧ ಹೊಲದಲ್ಲಿ ಚುರ್ ಅಂತು. ಮೇಲಿನ ಭಾಗದಲ್ಲಿ ಸದ್ದಿಲ್ಲ. ನನ್ನವಳು "ಉಪ್ಪಿನಕಾಯಿಗೆ ಇಟ್ಟಿದ್ದ ವಿನೆಗರ್ ಹೊಲಕ್ಕೆ ಸುರಿದ್ರಾ" ಅಂತ ಬೇರೆ ಚುರ್ ಅಂದಳು.

ಹಳದಿ ಬಂದಿರೋದು ಸುಳಿ ಎಲೆಯಲ್ಲಿ. ನರ ಹಸಿರಾಗೇ ಇದೆ. ಬೋರ್ ನೀರು ಕೊಡೋ ಭಾಗದಲ್ಲೇ ಜಾಸ್ತಿ. ಇಷ್ಟು ದಿನ ಕಣ್ಣೆದುರೇ ಇತ್ತು, ನೋಡಿರಲಿಲ್ಲ. ಮಣ್ಣು ಕೊಟ್ಟು ಬಂದೆ, ರಿಪೋರ್ಟೂ ಬಂತು. ಪಿಎಚ್ 8.1. ಹವಾಯಿಯ 4.7 ಎಲ್ಲಿ, ಇದೆಲ್ಲಿ.

ಲ್ಯಾಬ್ ಅಕ್ಕ, ದಾವಣಗೆರೆ

ಹಾಗಾದರೆ ಇದು ಸುಣ್ಣ ಜಾಸ್ತಿಯಾಗಿ ಕಬ್ಬಿಣ ಸಿಗದಿರುವ ಹಳದಿ. ಬೋರ್ ನೀರಿನ ಬೈಕಾರ್ಬೊನೇಟ್ ಅದನ್ನು ಹೆಚ್ಚಿಸುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಸಿಡ್. ಆಗಲೇ ಕಲಸಿ ಆಗಲೇ ಹೊಡೆಯಿರಿ, ಸಂಜೆ ಹೊತ್ತು. ಕಂದು ತಿರುಗಿದ ನೀರು ಹೊಡೆಯಬೇಡಿ. ಎಂಟು ಹತ್ತು ದಿನ ಬಿಟ್ಟು ಇನ್ನೊಂದು ಸಲ. ಕಾಯಿ ಕಟ್ಟೋ ಹೊತ್ತಿಗೆ ಎಕರೆಗೆ 200 ಕೇಜಿ ಜಿಪ್ಸಮ್. ಡಾಲಮೈಟ್ ಮಾತ್ರ ಆ ಕಡೆಗೂ ತರಬೇಡಿ.

ಮೇಷ್ಟ್ರ ಮಗಳು

ಅಂದರೆ ಓಹುವಿನ ಅನಾನಸ್‌ಗೂ ಅಪ್ಪನ ಶೇಂಗಾಗೂ ಒಂದೇ ಔಷಧಿ! ಅಲ್ಲಿ ಮ್ಯಾಂಗನೀಸ್ ಜಾಸ್ತಿಯಾಗಿ, ಇಲ್ಲಿ ಸುಣ್ಣ ಜಾಸ್ತಿಯಾಗಿ. ಅಪ್ಪಾ, ಹವಾಯಿಯಿಂದ ಕಲಿತು ಬರೋದಿದ್ದರೆ ಸುಣ್ಣದ ಬದಲು ಇದನ್ನು ಕಲಿತು ಬರಬೇಕಿತ್ತು.

ಚಳ್ಳಕೆರೆ ಮೇಷ್ಟ್ರು

ಸರಿಯಮ್ಮ, ಒಪ್ಪಿದೆ. ಈಗ ಈ ಆರು ಮೂಟೆ ಏನು ಮಾಡಲಿ? ಅಂಗಡಿಯವನು ವಾಪಸ್ ತಗೊಳಲ್ಲ ಅಂತಾನೆ. ಪಡಸಾಲೆಯಲ್ಲಿ ಓಡಾಡೋಕೆ ಜಾಗ ಇಲ್ಲ.

ನ್ಯಾಮತಿ ಅಡಿಕೆ

ಮೇಷ್ಟ್ರೇ, ಮೂಟೆ ಬಿಚ್ಚಿಲ್ಲ ತಾನೆ? ನನ್ನ ತಮ್ಮನ ತೋಟ 5.2 ಇದೆ, ಅವನಿಗೆ ಬೇಕು. ಬರೋ ಗುರುವಾರ ಶೇಂಗಾ ಹಿಂಡಿ ತರೋಕೆ ಚಳ್ಳಕೆರೆ ಎಣ್ಣೆ ಮಿಲ್ಲಿಗೆ ಗಾಡಿ ಬರುತ್ತದೆ. ವಾಪಸ್ ಹೋಗುವಾಗ ಹಿಂಡಿ ಜೊತೆ ಮೂಟೆಯನ್ನೂ ಹಾಕಿಕೊಳ್ಳುತ್ತೇವೆ. ನೀವು ಕೊಟ್ಟ ರೇಟೇ ಕೊಡುತ್ತೇನೆ.

ಚಳ್ಳಕೆರೆ ಮೇಷ್ಟ್ರು

ರೇಟು ಆಮೇಲೆ ಮಾತಾಡೋಣ. ಗುರುವಾರ ಮಧ್ಯಾಹ್ನ ಊಟಕ್ಕೇ ಬನ್ನಿ. ಬರುವಾಗ ನಿಮ್ಮ ತಮ್ಮನ ತೋಟದ ಮಣ್ಣು ಒಂದು ಹಿಡಿ ತನ್ನಿ, ವಿನೆಗರ್ ಇನ್ನೂ ಸ್ವಲ್ಪ ಉಳಿದಿದೆ.